ಎರಡು ಗಣಕಯಂತ್ರಗಳ ನಡುವೆ ಒಂದು ಕೇಬಲ್: ಆಯ್ಕೆಯಲ್ಲಿ ಇರಬೇಕಾದ ಎಚ್ಚರ

ವ್ಯಾಪಾರ ಚಿಕ್ಕದಿರುವಾಗ ಒಂದು ಗಣಕಯಂತ್ರ ಸಾಕಾಗುತ್ತದೆ. ವಹಿವಾಟು ಬೆಳೆದಂತೆ ಎರಡನೆಯದು ಬರುತ್ತದೆ. ಅಂಗಡಿಯಾದರೆ ಒಂದು ಗಲ್ಲಾಪೆಟ್ಟಿಗೆಯ ಬಳಿ ಬಿಲ್ಲು ಮಾಡಲು, ಇನ್ನೊಂದು ಒಳಕೋಣೆಯಲ್ಲಿ ಲೆಕ್ಕ ಬರೆಯಲು; ಕಾರ್ಖಾನೆಯಾದರೆ ಒಂದು ಕಚೇರಿಯಲ್ಲಿ, ಇನ್ನೊಂದು ಉಗ್ರಾಣದಲ್ಲಿ ಅಥವಾ ಯಂತ್ರದ ಪಕ್ಕದಲ್ಲಿ. ಎರಡನೆಯ ಗಣಕಯಂತ್ರ ಬಂದ ದಿನವೇ ಒಂದು ಪ್ರಶ್ನೆಯೂ ಹುಟ್ಟುತ್ತದೆ. ಒಂದರಲ್ಲಿರುವ ಮಾಹಿತಿ ಇನ್ನೊಂದಕ್ಕೆ ಹೋಗುವುದು ಹೇಗೆ?

ಅನೇಕ ಸಣ್ಣ ಸಂಸ್ಥೆಗಳಲ್ಲಿ ಇದಕ್ಕೆ ದೊರೆಯುವ ಉತ್ತರ ಪೆನ್‌ಡ್ರೈವ್. ಸಂಜೆ ಬಾಗಿಲು ಹಾಕುವ ಮುನ್ನ ಬಿಲ್ಲಿನ ಕಡತವನ್ನು ಅದರಲ್ಲಿ ತುಂಬಿಕೊಂಡು ಇನ್ನೊಂದು ಗಣಕಯಂತ್ರಕ್ಕೆ ಇಳಿಸುವುದು ದಿನಚರಿಯಾಗಿರುತ್ತದೆ. ಒಂದು ದಿನ ಮರೆತರೆ ಎರಡೂ ಕಡೆಯ ದಾಸ್ತಾನು ಬೇರೆಯಾಗುತ್ತದೆ. ಹಳೆಯ ಕಡತವನ್ನು ಹೊಸದರ ಮೇಲೆ ಇಳಿಸಿದರೆ ಒಂದು ದಿನದ ಮಾರಾಟವೇ ಅಳಿಸಿಹೋಗುತ್ತದೆ. ಲೆಕ್ಕ ಪರಿಶೋಧನೆಯ ವೇಳೆ ನಾವು ಕಾಣುವ ದಾಸ್ತಾನಿನ ವ್ಯತ್ಯಾಸಗಳಲ್ಲಿ ಕಳವಿನಿಂದ ಆದವುಗಳ ಜೊತೆಗೆ ಹೀಗೆ ಎರಡು ಕಡೆ ಎರಡು ಸತ್ಯಗಳನ್ನು ಇಟ್ಟುಕೊಂಡದ್ದರಿಂದ ಆದವುಗಳೂ ಇರುತ್ತವೆ.

ಈ ತೊಂದರೆಗೆ ಪರಿಹಾರ ದುಬಾರಿಯಲ್ಲ. ಎರಡು ಗಣಕಯಂತ್ರಗಳನ್ನು ಒಂದೇ ಒಂದು ಕೇಬಲ್ಲಿನಿಂದ ನೇರವಾಗಿ ಜೋಡಿಸಬಹುದು. ಆದರೆ ಆ ಕೇಬಲ್ ಯಾವುದು ಎಂಬಲ್ಲಿ ಗೊಂದಲವಿದೆ. ಅಂಗಡಿಯಲ್ಲಿ ಒಬ್ಬರು ಕ್ರಾಸ್ ಕೇಬಲ್ಲೇ ಬೇಕು ಎನ್ನುತ್ತಾರೆ. ಇನ್ನೊಬ್ಬರು ಯಾವುದಾದರೂ ನಡೆಯುತ್ತದೆ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಸಾವಿರಾರು ರೂಪಾಯಿಯ ಯಂತ್ರಗಳನ್ನು ಕೊಂಡು ಕೇಬಲ್ಲಿನಲ್ಲಿ ಉಳಿತಾಯ ಮಾಡುವುದು ಆನೆಯನ್ನು ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ಆದ್ದರಿಂದ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಈ ವಿಷಯವನ್ನು ಸ್ವತಃ ತಿಳಿದಿರುವುದು ಒಳಿತು.

ತೆರಿಗೆಯ ದೃಷ್ಟಿಯಿಂದಲೂ ವಿಷಯ ಸಣ್ಣದಲ್ಲ

ಸರಕು ಮತ್ತು ಸೇವಾ ತೆರಿಗೆಯ ನಿಯಮ 46ರ ಪ್ರಕಾರ ಪ್ರತಿ ತೆರಿಗೆ ಬಿಲ್ಲಿಗೂ ಅನುಕ್ರಮ ಸಂಖ್ಯೆ ಇರಬೇಕು. ಅದು 16 ಅಕ್ಷರಗಳನ್ನು ಮೀರಬಾರದು. ಒಂದು ಆರ್ಥಿಕ ವರ್ಷದಲ್ಲಿ ಒಂದೇ ಸಂಖ್ಯೆ ಎರಡು ಬಾರಿ ಬರಬಾರದು. ಒಂದಕ್ಕಿಂತ ಹೆಚ್ಚು ಸರಣಿಗಳನ್ನು ಇಟ್ಟುಕೊಳ್ಳಲು ನಿಯಮದಲ್ಲಿಯೇ ಅವಕಾಶವಿದೆ. ಆದರೆ ಒಂದೇ ಸರಣಿಯನ್ನು ಪರಸ್ಪರ ಸಂಪರ್ಕವಿಲ್ಲದ ಎರಡು ಗಣಕಯಂತ್ರಗಳಲ್ಲಿ ನಡೆಸಿದರೆ, ಒಂದಲ್ಲ ಒಂದು ದಿನ ಇಬ್ಬರು ಗಿರಾಕಿಗಳಿಗೆ ಒಂದೇ ಸಂಖ್ಯೆಯ ಬಿಲ್ಲು ಹೋಗುವುದು ಖಂಡಿತ.

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಅಂಥವರಿಗೆ ಈ ತಪ್ಪು ಕೂಡಲೇ ಗೊತ್ತಾಗುತ್ತದೆ. ಅದೇ ವರ್ಷದ ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ನೋಂದಣಿ ಪೋರ್ಟಲ್ ಅದನ್ನು ತಿರಸ್ಕರಿಸುತ್ತದೆ. ಅದಕ್ಕಿಂತ ಕಡಿಮೆ ವಹಿವಾಟಿನವರಿಗೆ ಗೊತ್ತಾಗುವುದು ತಿಂಗಳ ಕೊನೆಗೆ ಜಿಎಸ್‌ಟಿಆರ್-1 ಸಿದ್ಧಪಡಿಸುವಾಗ. ಅಷ್ಟರಲ್ಲಿ ಸರಕು ಗಿರಾಕಿಯ ಗೋದಾಮು ಸೇರಿರುತ್ತದೆ, ಬಿಲ್ಲು ಅವರ ಪುಸ್ತಕದಲ್ಲಿ ಬರೆದಾಗಿರುತ್ತದೆ. ಹೂಡುವಳಿ ತೆರಿಗೆ ಜಮೆ ಸಿಗದ ಗಿರಾಕಿ ನಿಮ್ಮ ಬಾಕಿಯನ್ನು ತಡೆಹಿಡಿದರೆ ಅವರನ್ನು ದೂರುವಂತಿಲ್ಲ. ಎರಡು ಗಣಕಯಂತ್ರಗಳೂ ಒಂದೇ ಲೆಕ್ಕಪುಸ್ತಕದಲ್ಲಿ ಬರೆದರೆ ಈ ಸಂದರ್ಭವೇ ಬಾರದು.

ಕೇಬಲ್ಲಿನ ಒಳಗೆ ಏನಿದೆ?

ಜಾಲ ಸಂಪರ್ಕದ ಸಾಮಾನ್ಯ ಕೇಬಲ್ಲನ್ನು ಸುಲಿದು ನೋಡಿದರೆ ಎಂಟು ಎಳೆಗಳು ಕಾಣುತ್ತವೆ. ಅವು ಎರಡೆರಡಾಗಿ ಹೆಣೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ: ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಜೋಡಿಯಲ್ಲಿ ಒಂದು ಎಳೆ ಪೂರ್ತಿ ಬಣ್ಣದ್ದು, ಇನ್ನೊಂದು ಅದೇ ಬಣ್ಣದ ಪಟ್ಟೆಯುಳ್ಳ ಬಿಳಿಯದು.

ಹೀಗೆ ಹೆಣೆದಿರುವುದು ಅಂದಕ್ಕಾಗಿ ಅಲ್ಲ. ಹೊರಗಿನ ವಿದ್ಯುತ್ ಅಡಚಣೆ ಹೆಣೆದ ಎರಡೂ ಎಳೆಗಳ ಮೇಲೆ ಸಮನಾಗಿ ಬೀಳುತ್ತದೆ. ಸಂಕೇತವನ್ನು ಓದುವ ಯಂತ್ರ ಎರಡು ಎಳೆಗಳ ನಡುವಿನ ವ್ಯತ್ಯಾಸವನ್ನಷ್ಟೇ ಗಮನಿಸುವುದರಿಂದ, ಎರಡರಲ್ಲೂ ಸಮನಾಗಿರುವ ಅಡಚಣೆ ತಾನಾಗಿಯೇ ಕಳೆದುಹೋಗುತ್ತದೆ. ದೂರವಾಣಿಯನ್ನು ನಮಗೆ ಕೊಟ್ಟ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರೇ 1881ರಲ್ಲಿ ಈ ಹೆಣೆದ ಜೋಡಿಗೆ ಹಕ್ಕುಪತ್ರ ಪಡೆದರು. ಶತಮಾನ ಮೀರಿದರೂ ತತ್ವ ಬದಲಾಗಿಲ್ಲ. ಕೇಬಲ್ಲಿನ ಬೆಲೆಯಲ್ಲಿ ನಾವು ಕೊಡುವ ಹಣದ ಒಂದು ಪಾಲು ಈ ಹೆಣಿಗೆಗೇ ಸಲ್ಲುತ್ತದೆ.

ಸ್ಟ್ರೇಟ್ ಮತ್ತು ಕ್ರಾಸ್: ಭೇದ ಬಂದದ್ದೇಕೆ?

ಕೇಬಲ್ಲಿನ ತುದಿಯಲ್ಲಿರುವ ಪಾರದರ್ಶಕ ಪ್ಲಗ್ಗಿಗೆ ಆರ್‌ಜೆ-45 ಎನ್ನುವುದು ರೂಢಿ. ಅದರಲ್ಲಿ ಎಂಟು ಸ್ಥಾನಗಳಿವೆ. ಎಳೆಗಳನ್ನು ಕೂರಿಸಲು ಎರಡು ಅಂಗೀಕೃತ ಕ್ರಮಗಳಿವೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟಿ568ಬಿ. ಪ್ಲಗ್ಗಿನ ಕೊಕ್ಕೆಯನ್ನು ಕೆಳಮುಖವಾಗಿ, ಕೇಬಲ್ಲು ನಿಮ್ಮ ಕಡೆಗೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಅದರ ಕ್ರಮ ಹೀಗಿದೆ:

1. ಬಿಳಿ-ಕಿತ್ತಳೆ
2. ಕಿತ್ತಳೆ
3. ಬಿಳಿ-ಹಸಿರು
4. ನೀಲಿ
5. ಬಿಳಿ-ನೀಲಿ
6. ಹಸಿರು
7. ಬಿಳಿ-ಕಂದು
8. ಕಂದು

ಇನ್ನೊಂದು ಕ್ರಮವಾದ ಟಿ568ಎಯಲ್ಲಿ ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ ಸ್ಥಾನ ಬದಲಿಸಿಕೊಳ್ಳುತ್ತವೆ. ನೀಲಿ ಮತ್ತು ಕಂದು ಇದ್ದಲ್ಲಿಯೇ ಇರುತ್ತವೆ. ಎರಡೂ ತುದಿಗಳಲ್ಲಿ ಒಂದೇ ಕ್ರಮವಿದ್ದರೆ ಅದು ಸ್ಟ್ರೇಟ್ ಕೇಬಲ್. ಒಂದು ತುದಿ ಎ, ಇನ್ನೊಂದು ತುದಿ ಬಿ ಆಗಿದ್ದರೆ ಅದು ಕ್ರಾಸ್ ಕೇಬಲ್. ಎರಡು ಪ್ಲಗ್ಗುಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ಬಣ್ಣಗಳನ್ನು ಹೋಲಿಸಿದರೆ ಯಾರ ನೆರವೂ ಇಲ್ಲದೆ ಇದನ್ನು ಗುರುತಿಸಬಹುದು.

ಈ ಭೇದಕ್ಕೆ ಕಾರಣ ಸರಳ. ಸೆಕೆಂಡಿಗೆ 10 ಅಥವಾ 100 ಮೆಗಾಬಿಟ್ ವೇಗದ ವ್ಯವಸ್ಥೆಯಲ್ಲಿ ಗಣಕಯಂತ್ರವು 1 ಮತ್ತು 2ನೆಯ ಎಳೆಗಳ ಮೇಲೆ ಕಳುಹಿಸುತ್ತದೆ, 3 ಮತ್ತು 6ನೆಯ ಎಳೆಗಳ ಮೇಲೆ ಸ್ವೀಕರಿಸುತ್ತದೆ. ಉಳಿದ ನಾಲ್ಕು ಎಳೆಗಳಿಗೆ ಕೆಲಸವಿಲ್ಲ. ಹಲವು ಗಣಕಯಂತ್ರಗಳನ್ನು ಕೂಡಿಸುವ ಸ್ವಿಚ್ಚಿನಲ್ಲಿ ಇದು ತಿರುಗುಮುರುಗಾಗಿರುತ್ತದೆ; ಆದ್ದರಿಂದ ಗಣಕಯಂತ್ರದಿಂದ ಸ್ವಿಚ್ಚಿಗೆ ಸ್ಟ್ರೇಟ್ ಕೇಬಲ್ ಸಾಕು. ಆದರೆ ಎರಡು ಗಣಕಯಂತ್ರಗಳನ್ನು ನೇರವಾಗಿ ಜೋಡಿಸಿದಾಗ ಇಬ್ಬರೂ ಒಂದೇ ಎಳೆಯ ಮೇಲೆ ಮಾತಾಡಿ, ಇನ್ನೊಂದೇ ಎಳೆಗೆ ಕಿವಿಗೊಟ್ಟಂತಾಗುತ್ತದೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ತಲುಪಬೇಕಾದರೆ ಕೇಬಲ್ಲಿನಲ್ಲಿಯೇ ಎಳೆಗಳನ್ನು ಅಡ್ಡಹಾಯಿಸಬೇಕು. ಅದೇ ಕ್ರಾಸ್ ಕೇಬಲ್.

1999ರ ನಂತರ ಬದಲಾದದ್ದು

ಸೆಕೆಂಡಿಗೆ 1000 ಮೆಗಾಬಿಟ್, ಅಂದರೆ 1 ಗಿಗಾಬಿಟ್ ವೇಗವನ್ನು ತಾಮ್ರದ ಕೇಬಲ್ಲಿನ ಮೇಲೆ ಸಾಧಿಸುವ ಮಾನದಂಡ 1999ರಲ್ಲಿ ಬಂದಿತು. ಅದರಲ್ಲಿ ನಾಲ್ಕೂ ಜೋಡಿಗಳು ಏಕಕಾಲದಲ್ಲಿ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಸುಮಾರು ಅದೇ ಕಾಲದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಎಂಜಿನಿಯರುಗಳು ಆಟೋ ಎಂಡಿಐ-ಎಕ್ಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಎದುರಿನ ಯಂತ್ರ ಯಾವ ಎಳೆಯ ಮೇಲೆ ಮಾತಾಡುತ್ತಿದೆ ಎಂಬುದನ್ನು ಪೋರ್ಟ್ ತಾನೇ ಪತ್ತೆಹಚ್ಚಿ, ಬೇಕಾದಂತೆ ಒಳಗೇ ಅಡ್ಡಹಾಯಿಸಿಕೊಳ್ಳುತ್ತದೆ. ಗಿಗಾಬಿಟ್ ಪೋರ್ಟ್ ಇರುವ ಗಣಕಯಂತ್ರಗಳಲ್ಲಿ ಈ ಸೌಲಭ್ಯ ಬಹುತೇಕ ಇದ್ದೇ ಇರುತ್ತದೆ. ಎರಡು ತುದಿಗಳಲ್ಲಿ ಒಂದರಲ್ಲಿ ಇದ್ದರೂ ಸಾಕು.

ಆದ್ದರಿಂದ ಇಂದಿನ ನಿಯಮ ಇಷ್ಟೇ: ಎರಡರಲ್ಲಿ ಒಂದಾದರೂ ಗಿಗಾಬಿಟ್ ಪೋರ್ಟಿನ ಗಣಕಯಂತ್ರವಾಗಿದ್ದರೆ ಸಾಧಾರಣವಾದ ಸ್ಟ್ರೇಟ್ ಕೇಬಲ್ಲನ್ನೇ ಕೊಳ್ಳಿರಿ. ಮುಂದೆ ಸ್ವಿಚ್ ಬಂದಾಗಲೂ ಅದೇ ಕೇಬಲ್ ಉಪಯೋಗಕ್ಕೆ ಬರುತ್ತದೆ. ನೇರ ಜೋಡಣೆಗೆ ವಿಶೇಷ ಕೇಬಲ್ ಬೇಕೆಂದು ಹೆಚ್ಚಿನ ಬೆಲೆ ಕೇಳಿದರೆ ಕೊಡುವ ಅಗತ್ಯವಿಲ್ಲ.

ಕ್ರಾಸ್ ಕೇಬಲ್ ಇನ್ನೂ ಬೇಕಾಗುವ ಸ್ಥಳಗಳು

ಕಾರ್ಖಾನೆಗಳಲ್ಲಿ ಮಾತ್ರ ಹಳೆಯ ನಿಯಮ ಇನ್ನೂ ಸತ್ತಿಲ್ಲ. ಗಣಕಯಂತ್ರಕ್ಕೆ ಐದಾರು ವರ್ಷಗಳ ಆಯುಸ್ಸಾದರೆ ಸಿಎನ್‌ಸಿ ಯಂತ್ರಕ್ಕೆ ಇಪ್ಪತ್ತು ವರ್ಷಗಳ ಆಯುಸ್ಸು. ಹಳೆಯ ಯಂತ್ರಗಳ ನಿಯಂತ್ರಕಗಳಲ್ಲಿ 10 ಅಥವಾ 100 ಮೆಗಾಬಿಟ್ ಪೋರ್ಟ್ ಮಾತ್ರ ಇರುತ್ತದೆ. ಸ್ವಯಂಚಾಲಿತ ಅಡ್ಡಹಾಯಿಸುವಿಕೆ ಇರುವುದಿಲ್ಲ. ಅಂಥ ಯಂತ್ರಕ್ಕೆ ಅಷ್ಟೇ ಹಳೆಯ ಗಣಕಯಂತ್ರವನ್ನು ನೇರವಾಗಿ ಜೋಡಿಸುವುದಾದರೆ ಕ್ರಾಸ್ ಕೇಬಲ್ ಅನಿವಾರ್ಯ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಳೆಯ ಯಂತ್ರದೊಡನೆ ಹೊಂದಿಸಲೆಂದು ಗಣಕಯಂತ್ರದ ಪೋರ್ಟಿನ ವೇಗವನ್ನು ಕೆಲವರು ಕೈಯಾರೆ 10 ಅಥವಾ 100 ಎಂದು ನಿಗದಿಪಡಿಸುತ್ತಾರೆ. ವೇಗದ ಸ್ವಯಂ ಹೊಂದಾಣಿಕೆಯನ್ನು ಹೀಗೆ ನಿಲ್ಲಿಸಿದಾಗ ಎಷ್ಟೋ ಉಪಕರಣಗಳಲ್ಲಿ ಅಡ್ಡಹಾಯಿಸುವ ಸೌಲಭ್ಯವೂ ನಿಂತುಹೋಗುತ್ತದೆ. ನಿನ್ನೆಯವರೆಗೆ ನಡೆಯುತ್ತಿದ್ದ ಕೇಬಲ್ ಇಂದು ಸತ್ತಂತೆ ಕಂಡರೆ ಈ ಕಾರಣವನ್ನೂ ಪರಿಶೀಲಿಸಬೇಕು. ಇನ್ನೂ ಹಳೆಯ ಯಂತ್ರಗಳಲ್ಲಿ 9 ಅಥವಾ 25 ಸೂಜಿಗಳ ಸೀರಿಯಲ್ ಪೋರ್ಟ್ ಇರುತ್ತದೆ. ಅದಕ್ಕೆ ಬೇಕಾಗುವುದು ಬೇರೆಯೇ ಜಾತಿಯ ಕೇಬಲ್. ಅದನ್ನು ಯಂತ್ರದ ಕೈಪಿಡಿಯನ್ನು ನೋಡಿಯೇ ತರಬೇಕು.

ತೆಳುವಾದ ಹೊಸ ಲ್ಯಾಪ್‌ಟಾಪುಗಳಲ್ಲಿ ಜಾಲದ ಪೋರ್ಟೇ ಇಲ್ಲದಿರಬಹುದು. ಅದಕ್ಕೆ ಯುಎಸ್‌ಬಿಯಿಂದ ಲ್ಯಾನ್‌ಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಆದರೆ ಎರಡೂ ತುದಿಗಳಲ್ಲಿ ಹಳೆಯ ಮಾದರಿಯ ಚಪ್ಪಟೆ ಯುಎಸ್‌ಬಿ ಪ್ಲಗ್ ಇರುವ ಸಾದಾ ಕೇಬಲ್ಲನ್ನು ತಂದು ಎರಡು ಗಣಕಯಂತ್ರಗಳಿಗೆ ಸಿಕ್ಕಿಸುವ ಸಾಹಸ ಬೇಡ. ಎರಡೂ ಕಡೆಯಿಂದ 5 ವೋಲ್ಟ್ ವಿದ್ಯುತ್ ಬರುವುದರಿಂದ ಪೋರ್ಟಿಗೆ ಹಾನಿಯಾಗಬಹುದು, ಮಾಹಿತಿಯೂ ಹರಿಯುವುದಿಲ್ಲ.

ದರ್ಜೆಯ ಆಯ್ಕೆ

ಕೇಬಲ್ಲಿನ ಮೈಮೇಲೆ ಅದರ ದರ್ಜೆ ಮುದ್ರಿತವಾಗಿರುತ್ತದೆ. ಕ್ಯಾಟ್-5ಇ ದರ್ಜೆಯ ಕೇಬಲ್ 100 ಮೀಟರ್ ದೂರದವರೆಗೆ 1 ಗಿಗಾಬಿಟ್ ವೇಗವನ್ನು ಒಯ್ಯುತ್ತದೆ. ಕ್ಯಾಟ್-6 ಅದೇ ಕೆಲಸವನ್ನು ಹೆಚ್ಚಿನ ಸಾವಕಾಶದೊಡನೆ ಮಾಡುತ್ತದೆ. ಅಡಚಣೆ ಕಡಿಮೆಯಿದ್ದರೆ 55 ಮೀಟರ್‌ವರೆಗೆ 10 ಗಿಗಾಬಿಟ್ ವೇಗವನ್ನೂ ತಾಳುತ್ತದೆ. ಕ್ಯಾಟ್-6ಎ 100 ಮೀಟರ್‌ವರೆಗೆ 10 ಗಿಗಾಬಿಟ್ ಒಯ್ಯಬಲ್ಲದು. ನಮ್ಮ ಬಿಲ್ಲು ಮತ್ತು ಲೆಕ್ಕದ ಕೆಲಸಕ್ಕೆ ಕ್ಯಾಟ್-5ಇ ಧಾರಾಳವಾಗಿ ಸಾಕು. ಹೊಸದಾಗಿ ಗೋಡೆಯೊಳಗೆ ಅಥವಾ ಕೊಳವೆಯೊಳಗೆ ಎಳೆಸುವುದಾದರೆ ಕ್ಯಾಟ್-6 ಉತ್ತಮ; ಏಕೆಂದರೆ ಅಲ್ಲಿ ಕೇಬಲ್ಲಿನ ಬೆಲೆಗಿಂತ ಎಳೆಯುವ ಕೂಲಿ ಮತ್ತು ಗೋಡೆ ಒಡೆದು ಮುಚ್ಚುವ ವೆಚ್ಚವೇ ಮುಖ್ಯ, ಅದನ್ನು ಎರಡು ಬಾರಿ ಮಾಡಲಾಗದು. ಅದಕ್ಕೂ ಮೇಲಿನ ದರ್ಜೆಗಳಿಗೆ ಹಣ ಸುರಿಯುವುದರಿಂದ ಸಣ್ಣ ಸಂಸ್ಥೆಗೆ ಪ್ರಯೋಜನವಿಲ್ಲ.

ವೇಗದ ವ್ಯತ್ಯಾಸವನ್ನು ಲೆಕ್ಕದಲ್ಲಿಯೇ ನೋಡೋಣ. 20 ಗಿಗಾಬೈಟ್ ಗಾತ್ರದ ಮಾಹಿತಿಯನ್ನು ಪ್ರತಿ ಸಂಜೆ ನಕಲು ಮಾಡಬೇಕಿದೆ ಎನ್ನಿ. 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಸಾಗುತ್ತದೆ. ಕೆಲಸ ಮುಗಿಯಲು ಅರ್ಧ ಗಂಟೆ ಬೇಕು. ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಾಗುತ್ತದೆ. ಡಿಸ್ಕುಗಳು ಅಷ್ಟು ಚುರುಕಾಗಿದ್ದರೆ ಮೂರು ನಿಮಿಷ ಸಾಕು. ಅರ್ಧ ಗಂಟೆಯ ಕೆಲಸವನ್ನು ನೌಕರರು ನಾಳೆಗೆ ಮುಂದೂಡುತ್ತಾರೆ. ಮೂರು ನಿಮಿಷದ ಕೆಲಸವನ್ನು ಮುಂದೂಡುವುದಿಲ್ಲ.

ತಾಮ್ರವೋ, ತಾಮ್ರದ ಲೇಪವೋ?

ಖರೀದಿಯಲ್ಲಿ ಅತಿ ಹೆಚ್ಚು ಮೋಸ ನಡೆಯುವುದು ಇಲ್ಲಿ. ಮಾರುಕಟ್ಟೆಯಲ್ಲಿ ಸಿಸಿಎ ಎಂಬ ಅಗ್ಗದ ಕೇಬಲ್ ಧಾರಾಳವಾಗಿ ದೊರೆಯುತ್ತದೆ. ಅದು ತಾಮ್ರದ ತೆಳು ಲೇಪವುಳ್ಳ ಅಲ್ಯೂಮಿನಿಯಂ. ಹೊರನೋಟಕ್ಕೆ ತಾಮ್ರದಂತೆಯೇ ಹೊಳೆಯುತ್ತದೆ. ಮೈಮೇಲೆ ಕ್ಯಾಟ್-6 ಎಂದೂ ಮುದ್ರಿಸಿರುತ್ತಾರೆ. ಕೇಬಲ್ಲಿನ ಮಾನದಂಡಗಳು ತಾಮ್ರದ ಎಳೆಗಳನ್ನೇ ವಿಧಿಸುವುದರಿಂದ ಆ ಮುದ್ರೆಗೆ ಅರ್ಥವಿಲ್ಲ. ಅಲ್ಯೂಮಿನಿಯಂ ಎಳೆಯ ವಿದ್ಯುತ್ ನಿರೋಧ ಹೆಚ್ಚು. ನಾಲ್ಕು ಬಾರಿ ಬಾಗಿಸಿದರೆ ಮುರಿಯುತ್ತದೆ. ಕೇಬಲ್ಲಿನ ಮೂಲಕವೇ ವಿದ್ಯುತ್ ಪಡೆಯುವ ಕ್ಯಾಮೆರಾಗಳಿಗೆ ಬಳಸಿದರೆ ಕೇಬಲ್ ಹೆಚ್ಚು ಬಿಸಿಯಾಗುತ್ತದೆ.

ಪರೀಕ್ಷೆ ಸುಲಭ. ಒಂದು ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಎರಡನೆಯ ಪರೀಕ್ಷೆ ವರ್ತಕರಿಗೆ ಚಿರಪರಿಚಿತವಾದ ತಕ್ಕಡಿ. ಒಂದು ಘನ ಸೆಂಟಿಮೀಟರ್ ತಾಮ್ರದ ತೂಕ 8.96 ಗ್ರಾಂ, ಅಷ್ಟೇ ಅಲ್ಯೂಮಿನಿಯಂನ ತೂಕ 2.7 ಗ್ರಾಂ. ಆದ್ದರಿಂದ ಒಂದೇ ದರ್ಜೆಯ, ಒಂದೇ ಉದ್ದದ ಎರಡು ಪೆಟ್ಟಿಗೆಗಳಲ್ಲಿ ಒಂದು ಗಮನಾರ್ಹವಾಗಿ ಹಗುರವಾಗಿದ್ದರೆ ಸಂಶಯ ಪಡಬೇಕು. ಬಿಲ್ಲಿನಲ್ಲಿ ಬರೀ ‘ಲ್ಯಾನ್ ಕೇಬಲ್’ ಎಂದು ಬರೆಯಿಸಿಕೊಳ್ಳದೆ ‘ಕ್ಯಾಟ್-6, ಶುದ್ಧ ತಾಮ್ರ’ ಎಂದು ಬರೆಯಿಸಿಕೊಳ್ಳಿರಿ. ಮುಂದೆ ವಿವಾದ ಬಂದರೆ ಆ ಎರಡು ಪದಗಳೇ ನಿಮ್ಮ ಸಾಕ್ಷಿ. ತೆರಿಗೆ ಬಿಲ್ಲಿಲ್ಲದ ಖರೀದಿಯಲ್ಲಿ ತೆರಿಗೆ ಜಮೆಯೂ ಇಲ್ಲ, ಸಾಕ್ಷಿಯೂ ಇಲ್ಲ.

ಪ್ಲಗ್ ಹಾಕುವಲ್ಲಿ ಅಡಗಿರುವ ದೋಷ

ಒಳ್ಳೆಯ ಕೇಬಲ್ಲನ್ನೂ ಕೆಟ್ಟ ಕೈಗಾರಿಕೆ ಹಾಳುಮಾಡಬಲ್ಲದು. ಎರಡೂ ತುದಿಗಳಲ್ಲಿ ಒಂದೇ ಕ್ರಮವಿದ್ದರೆ ಸಾಕೆಂದು ಭಾವಿಸಿ, ಕೆಲವರು ಎಳೆಗಳನ್ನು ಬಣ್ಣದ ಸಾಲಿನಂತೆ ಜೋಡಿ ಜೋಡಿಯಾಗಿ ಕೂರಿಸುತ್ತಾರೆ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಸಾಮಾನ್ಯ ದೀಪದ ಟೆಸ್ಟರ್ ಹಾಕಿದರೆ ಎಂಟೂ ದೀಪಗಳು ಕ್ರಮವಾಗಿ ಉರಿಯುತ್ತವೆ. ಕೆಲಸದವರು ಕೂಲಿ ಪಡೆದು ಹೊರಡುತ್ತಾರೆ. ಆದರೆ 3 ಮತ್ತು 6ನೆಯ ಸ್ಥಾನಗಳು ಒಂದೇ ಹೆಣೆದ ಜೋಡಿಯಾಗಿರಬೇಕು ಎಂಬ ಮೂಲ ನಿಯಮ ಇಲ್ಲಿ ಮುರಿದಿರುತ್ತದೆ. 3ರಲ್ಲಿ ಹಸಿರಿನ ಎಳೆ, 6ರಲ್ಲಿ ನೀಲಿಯ ಎಳೆ ಸೇರಿ ಹೆಣಿಗೆಯ ರಕ್ಷಣೆ ಇಲ್ಲವಾಗುತ್ತದೆ. ಎರಡು ಮೀಟರಿನ ತುಂಡಿನಲ್ಲಿ ಈ ದೋಷ ಮರೆಯಾಗಿರಬಹುದು. ಮೂವತ್ತು ಮೀಟರಿನಲ್ಲಿ ಸಂಪರ್ಕ ಕುಂಟುತ್ತದೆ, ಆಗಾಗ ಕಡಿಯುತ್ತದೆ.

ಲೆಕ್ಕದ ಕಡತಕ್ಕೆ ಇದು ಬರಿಯ ನಿಧಾನದ ಪ್ರಶ್ನೆಯಲ್ಲ. ಹಂಚಿಕೊಂಡ ಕಡತದಲ್ಲಿ ಬರೆಯುತ್ತಿರುವಾಗಲೇ ಸಂಪರ್ಕ ಕಡಿದರೆ ಕಡತ ಅರ್ಧಂಬರ್ಧವಾಗಿ ಕೆಡುವ ಸಂಭವವಿದೆ. ಲೆಕ್ಕದ ಮಾಹಿತಿ ಪದೇ ಪದೇ ಕೆಡುತ್ತಿದ್ದರೆ ತಂತ್ರಾಂಶವನ್ನು ದೂರುವ ಮೊದಲು ಕೇಬಲ್ಲಿನ ತುದಿಗಳನ್ನು ನೋಡಿರಿ. ಪ್ಲಗ್ಗಿನ ಬಳಿ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಕೇಬಲ್ಲಿನ ಹೊರ ಕವಚ ಪ್ಲಗ್ಗಿನ ಒಳಗೆ ಸೇರಿ ಬಿಗಿಯಾಗಿ ಕುಳಿತಿರಬೇಕು. ಹತ್ತು ಮೀಟರಿನೊಳಗಿನ ದೂರವಾದರೆ ಕಾರ್ಖಾನೆಯಲ್ಲಿಯೇ ಪ್ಲಗ್ ಹಾಕಿ ಬರುವ ಸಿದ್ಧ ಪ್ಯಾಚ್ ಕೇಬಲ್ಲನ್ನು ಕೊಳ್ಳುವುದೇ ಜಾಣತನ.

ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ಎರಡೂ ಗಣಕಯಂತ್ರಗಳಲ್ಲಿ ಗಿಗಾಬಿಟ್ ಪೋರ್ಟ್ ಇದ್ದರೂ ಸಂಪರ್ಕದ ವೇಗ 100 ಮೆಗಾಬಿಟ್ ಎಂದು ತೋರಿಸಿದರೆ, ಎಂಟು ಎಳೆಗಳಲ್ಲಿ ಒಂದು ಕಡಿದಿರುವ ಅಥವಾ ಸರಿಯಾಗಿ ಕೂರದಿರುವ ಸಂಭವ ಹೆಚ್ಚು. ಎರಡು ಜೋಡಿ ಸಾಕಾಗುವ ಹಳೆಯ ವೇಗಕ್ಕೆ ಯಂತ್ರ ತಾನಾಗಿಯೇ ಇಳಿದಿರುತ್ತದೆ. ಕೆಲಸದವರು ಹೊರಡುವ ಮುನ್ನ ಈ ಅಂಕಿಯನ್ನು ನೋಡಿಯೇ ಹಣ ಕೊಡಿರಿ.

ಎಳೆಯುವ ಹಾದಿ

ಒಟ್ಟು ಉದ್ದ 100 ಮೀಟರ್ ಮೀರಬಾರದು. ವಿದ್ಯುತ್ ತಂತಿಗಳ ಪಕ್ಕದಲ್ಲಿ ಉದ್ದಕ್ಕೂ ಹಾಯಿಸಬಾರದು, ಒಂದೇ ಕೊಳವೆಯಲ್ಲಿ ಎರಡನ್ನೂ ತುಂಬಲೇಬಾರದು. ದಾಟಲೇಬೇಕಾದರೆ ಅಡ್ಡಲಾಗಿ, ಲಂಬಕೋನದಲ್ಲಿ ದಾಟಿಸಬೇಕು. ಕೇಬಲ್ಲಿನ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಗ್ಗಿಸಬಾರದು. ಬೆಸುಗೆ ಯಂತ್ರ, ದೊಡ್ಡ ಮೋಟಾರು, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳು ಇರುವ ಅಂಗಳದಲ್ಲಿ ಲೋಹದ ಹೊದಿಕೆಯ ಕೇಬಲ್ ಬಳಸಿ ಆ ಹೊದಿಕೆಗೆ ಸರಿಯಾಗಿ ಭೂಸಂಪರ್ಕ ಕೊಡಿಸಬೇಕು.

ಕಚೇರಿ ಒಂದು ಕಟ್ಟಡದಲ್ಲಿ, ಗೋದಾಮು ಇನ್ನೊಂದರಲ್ಲಿ ಇದ್ದರೆ ತಾಮ್ರದ ಕೇಬಲ್ಲನ್ನು ಗಾಳಿಯಲ್ಲಿ ತೂಗುಹಾಕುವ ರೂಢಿಯನ್ನು ಬಿಡಬೇಕು. ಎರಡು ಕಟ್ಟಡಗಳ ಭೂಸಂಪರ್ಕದ ನಡುವೆ ವೋಲ್ಟೇಜಿನ ವ್ಯತ್ಯಾಸ ಇರಬಹುದು. ಮುಂಗಾರಿನ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಹತ್ತಿರದಲ್ಲಿ ಸಿಡಿಲು ಬಿದ್ದರೂ ಸಾಕು, ಕೇಬಲ್ಲಿನ ಮೂಲಕ ಎರಡೂ ತುದಿಯ ಗಣಕಯಂತ್ರಗಳು ಸುಟ್ಟುಹೋಗಬಹುದು. ಇಂಥಲ್ಲಿ ಆಪ್ಟಿಕಲ್ ಫೈಬರ್ ಕೇಬಲ್ ಮತ್ತು ಎರಡು ತುದಿಗಳಿಗೆ ಎರಡು ಮೀಡಿಯಾ ಕನ್ವರ್ಟರ್‌ಗಳೇ ಸರಿಯಾದ ಮಾರ್ಗ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಜೋಡಿಸಿದ ಮೇಲೆ

ಕೇಬಲ್ ಸಿಕ್ಕಿಸಿದ ಮಾತ್ರಕ್ಕೆ ಗಣಕಯಂತ್ರಗಳು ಮಾತಾಡಲಾರವು. ಎರಡಕ್ಕೂ ವಿಳಾಸ ಬೇಕು. ವಿಳಾಸ ಹಂಚುವ ರೂಟರ್ ನಡುವೆ ಇಲ್ಲದಿರುವುದರಿಂದ ಅವು 169.254ರಿಂದ ಆರಂಭವಾಗುವ ತಾತ್ಕಾಲಿಕ ವಿಳಾಸವನ್ನು ತಾವೇ ಇಟ್ಟುಕೊಳ್ಳುತ್ತವೆ. ಸ್ಥಿರವಾದ ವಿಳಾಸ ಕೊಡುವುದು ಉತ್ತಮ: ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಜಾಗವನ್ನು ಖಾಲಿ ಬಿಡಿರಿ. ಆಗ ಅಂತರಜಾಲ ವೈ-ಫೈ ಮೂಲಕವೇ ನಡೆಯುತ್ತದೆ, ಲೆಕ್ಕದ ಮಾಹಿತಿ ಕೇಬಲ್ಲಿನ ಮೂಲಕ ಸಾಗುತ್ತದೆ. ವೈ-ಫೈ ವಿಳಾಸಗಳೂ ಇದೇ ಸರಣಿಯಲ್ಲಿದ್ದರೆ ಕೇಬಲ್ಲಿಗೆ ಬೇರೆ ಸರಣಿ ಆರಿಸಬೇಕು.

ಹಂಚಿಕೊಳ್ಳುವ ಫೋಲ್ಡರಿಗೆ ಗುಪ್ತಪದ ಇರಲಿ. ಯಾರು ಬೇಕಾದರೂ ಬರೆಯುವಂತೆ ತೆರೆದಿಡಬೇಡಿರಿ. ತೀರ ಹಳೆಯ ವಿಂಡೋಸ್ ಎಕ್ಸ್‌ಪಿ ಗಣಕಯಂತ್ರವನ್ನು ಹೊಸದರೊಡನೆ ಜೋಡಿಸಲು ಎಸ್‌ಎಂಬಿ-1 ಎಂಬ ಹಳೆಯ ವಿಧಾನವನ್ನು ಮತ್ತೆ ತೆರೆಯುವಂತೆ ಕೆಲವರು ಸಲಹೆ ಕೊಡುತ್ತಾರೆ. 2017ರ ಮೇ ತಿಂಗಳಲ್ಲಿ ಲೋಕವನ್ನೇ ನಡುಗಿಸಿದ ವಾನಾಕ್ರೈ ಎಂಬ ಸುಲಿಗೆ ವೈರಸ್ ನುಗ್ಗಿದ್ದು ಆ ಬಾಗಿಲಿನಿಂದಲೇ. ವಿಂಡೋಸ್ 10ಕ್ಕೂ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ಗಮನದಲ್ಲಿಡಬೇಕು. ಕಡತಗಳಿರುವ ಮುಖ್ಯ ಗಣಕಯಂತ್ರಕ್ಕೆ ಯುಪಿಎಸ್ ಇರಲಿ, ಅದು ತಾನಾಗಿ ನಿದ್ರೆಗೆ ಜಾರದಂತೆ ವ್ಯವಸ್ಥೆ ಮಾಡಿರಲಿ.

ಲೆಕ್ಕಪತ್ರಗಳ ದೃಷ್ಟಿಯಿಂದ ಕೆಲವು ಮಾತು

ಕೇಬಲ್ ಜೋಡಿಸಿದರೆ ತಂತ್ರಾಂಶದ ಪರವಾನಗಿ ತಾನಾಗಿ ವಿಸ್ತರಿಸುವುದಿಲ್ಲ. ಉದಾಹರಣೆಗೆ, ಬೆಂಗಳೂರಿನ ಸಂಸ್ಥೆಯ ಟ್ಯಾಲಿಪ್ರೈಮ್‌ನಲ್ಲಿ ಸಿಲ್ವರ್ ಪರವಾನಗಿ ಒಬ್ಬ ಬಳಕೆದಾರರಿಗೆ. ಇಬ್ಬರು ಏಕಕಾಲಕ್ಕೆ ಬರೆಯಬೇಕಾದರೆ ಗೋಲ್ಡ್ ಬೇಕು. ಈ ವೆಚ್ಚವನ್ನು ಮೊದಲೇ ಲೆಕ್ಕಹಾಕಿರಿ.

ಇಬ್ಬರು ನೌಕರರಿಗೆ ಬೇರೆ ಬೇರೆ ಬಳಕೆದಾರ ಹೆಸರು ಕೊಡಿರಿ. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಿನಾಂಕದೊಡನೆ ದಾಖಲಾಗಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇಬ್ಬರೂ ಒಂದೇ ಹೆಸರಿನಲ್ಲಿ ಒಳಹೊಕ್ಕರೆ, ತಿದ್ದಿದವರು ಯಾರು ಎಂಬುದನ್ನು ಆ ದಾಖಲೆ ಹೇಳಲಾರದು. ಮಾಲೀಕತ್ವದ ಮತ್ತು ಪಾಲುದಾರಿಕೆಯ ಸಂಸ್ಥೆಗಳಿಗೆ ಆ ನಿಯಮ ಅನ್ವಯಿಸದಿದ್ದರೂ ಪದ್ಧತಿ ಅನುಸರಣೀಯ.

ಒಂದೇ ಕಡತದಲ್ಲಿ ಎಲ್ಲ ಲೆಕ್ಕವೂ ಕೂಡಿದಾಗ ಅಪಾಯವೂ ಒಂದೇ ಕಡೆ ಕೂಡುತ್ತದೆ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಆದ್ದರಿಂದ ಪ್ರತಿದಿನ ಕೇಬಲ್ಲಿನ ಮೂಲಕ ಎರಡನೆಯ ಗಣಕಯಂತ್ರಕ್ಕೆ ಒಂದು ಪ್ರತಿ, ವಾರಕ್ಕೊಮ್ಮೆ ಬೇರ್ಪಡಿಸಿ ಇಡುವ ಡಿಸ್ಕಿಗೆ ಇನ್ನೊಂದು ಪ್ರತಿ ತೆಗೆಯಬೇಕು. ಕೇಬಲ್ಲಿನಿಂದ ಸದಾ ಜೋಡಿಸಿಕೊಂಡಿರುವ ಪ್ರತಿ ಮಾತ್ರ ಇದ್ದರೆ, ಒಂದಕ್ಕೆ ತಗುಲಿದ ವೈರಸ್ ಇನ್ನೊಂದನ್ನೂ ಮುಟ್ಟುತ್ತದೆ.

ಖರೀದಿಗೆ ಮುನ್ನ ಪರಿಶೀಲನಾ ಪಟ್ಟಿ

1. ಎರಡು ಯಂತ್ರಗಳಲ್ಲಿ ಒಂದಕ್ಕಾದರೂ ಗಿಗಾಬಿಟ್ ಪೋರ್ಟ್ ಇದೆಯೇ? ಇದ್ದರೆ ಸ್ಟ್ರೇಟ್ ಕೇಬಲ್. ಎರಡೂ ಹಳೆಯವಾಗಿದ್ದರೆ ಮಾತ್ರ ಕ್ರಾಸ್.
2. ದೂರ ಎಷ್ಟು? ಹತ್ತು ಮೀಟರಿನೊಳಗೆ ಸಿದ್ಧ ಪ್ಯಾಚ್ ಕೇಬಲ್. ಅದಕ್ಕೂ ಹೆಚ್ಚಾದರೆ ಎಳೆಸಬೇಕು. 100 ಮೀಟರ್ ಮೀರಿದರೆ ಅಥವಾ ಬೇರೆ ಕಟ್ಟಡವಾದರೆ ಫೈಬರ್.
3. ದರ್ಜೆ: ಇಂದಿನ ಕೆಲಸಕ್ಕೆ ಕ್ಯಾಟ್-5ಇ, ಗೋಡೆಯೊಳಗೆ ಕ್ಯಾಟ್-6.
4. ಎಳೆಯನ್ನು ಕೆರೆದು ನೋಡಿದಿರಾ? ಬಿಲ್ಲಿನಲ್ಲಿ ‘ಶುದ್ಧ ತಾಮ್ರ’ ಎಂದು ಬರೆಯಿಸಿದಿರಾ?
5. ಎರಡೂ ತುದಿಗಳಲ್ಲಿ ಟಿ568ಬಿ ಕ್ರಮವಿದೆಯೇ? ಸಂಪರ್ಕದ ವೇಗ 1 ಗಿಗಾಬಿಟ್ ತೋರಿಸುತ್ತಿದೆಯೇ?
6. ಮೂರನೆಯ ಗಣಕಯಂತ್ರ ಅಥವಾ ಜಾಲದ ಪ್ರಿಂಟರ್ ಬರುವ ಸೂಚನೆ ಇದೆಯೇ? ಇದ್ದರೆ ಈಗಲೇ ಐದು ಪೋರ್ಟಿನ ಒಂದು ಗಿಗಾಬಿಟ್ ಸ್ವಿಚ್ ಕೊಂಡುಬಿಡುವುದು ಲೇಸು.

ಹೀಗೆ ನೋಡಿದರೆ, ಸ್ಟ್ರೇಟೋ ಕ್ರಾಸೋ ಎಂಬ ಹಳೆಯ ಪ್ರಶ್ನೆಗೆ ಈಗ ಒಂದು ಸಾಲಿನ ಉತ್ತರ ಸಾಕು. ಕೇಳಬೇಕಾದ ಪ್ರಶ್ನೆಗಳು ಲೋಹದ ಬಗ್ಗೆ, ಹೆಣಿಗೆಯ ಬಗ್ಗೆ, ಪ್ಲಗ್ ಹಾಕಿದ ಕೈಯ ಬಗ್ಗೆ. ಒಳ್ಳೆಯ ಕೇಬಲ್ಲಿಗೂ ಕಳಪೆಯದಕ್ಕೂ ಇರುವ ಅಂತರ ಸಣ್ಣ ಕಚೇರಿಯಲ್ಲಿ ಕೆಲವು ನೂರು ರೂಪಾಯಿಗಳಷ್ಟೇ. ಅದರ ಮೇಲೆ ಹರಿಯುವುದು ಇಡೀ ವರ್ಷದ ಮಾರಾಟ, ದಾಸ್ತಾನು ಮತ್ತು ತೆರಿಗೆಯ ಲೆಕ್ಕ. ಸರಕನ್ನು ಮುಟ್ಟಿ, ತೂಗಿ, ಒರೆಹಚ್ಚಿ ನೋಡುವುದು ವರ್ತಕರಿಗೆ ಹೊಸದಲ್ಲ. ಆ ವಿವೇಕವನ್ನು ಮೇಜಿನ ಕೆಳಗೆ ಹಾಯುವ ಈ ಕೇಬಲ್ಲಿನ ಮೇಲೂ ಪ್ರಯೋಗಿಸಿದರೆ ಸಾಕು.